ಪಿಂಕ್‌ಹ್ಯಾಂ ಬಾಟಲಿಯೊಳಗಿನ ಮೆಂತ್ಯ

ನಮ್ಮ ಒಗ್ಗರಣೆ ಡಬ್ಬಿಯ ಮೆಂತ್ಯಕ್ಕೂ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಲಿನ್ ಅನ್ನೋ ಊರಿಗೂ ಏನು ಸಂಬಂಧ ಅಂತೀರಾ? ಇದೆ. ಆ ಊರಿನ ಲಿಡಿಯಾ ಪಿಂಕ್‌ಹ್ಯಾಂ ಎಂಬಾಕೆ 1875ರಲ್ಲಿ ಮಾರಲು ಶುರು ಮಾಡಿದ ‘ವೆಜಿಟೇಬಲ್ ಕಾಂಪೌಂಡ್’ನಲ್ಲಿ ಬೇರೆ ಗಿಡಮೂಲಿಕೆಗಳ ಜೊತೆ ಮೆಂತ್ಯವೂ ಇತ್ತು. ಮುಟ್ಟು ನಿಲ್ಲುವ ಕಾಲದ ಕಷ್ಟಗಳಿಗೂ ಅದು ಮದ್ದು ಅಂತ ಜಾಹೀರಾತು ಸಾರುತ್ತಿತ್ತು. ಈಗ ಅಂಗಡಿಗಳಲ್ಲಿ ಸಿಗುವ ‘ನ್ಯಾಚುರಲ್’ ಗುಳಿಗೆಗಳ ಮುತ್ತಜ್ಜಿ ಈ ಬಾಟಲಿ. ಇದರ ಚರಿತ್ರೆ ಓದ್ತಾ ಹೋದ ಹಾಗೆ ನನಗೆ ಮೂಲಿಕೆಗಿಂತ ಬೇರೆಯೇ ಒಂದು ವಿಷಯ ಮುಖ್ಯ ಅನ್ನಿಸಿತು.

‘ಮೆನೋಪಾಸ್’ ಅನ್ನೋ ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ, ಗಾರ್ಡಾನ್ ಎಂಬ ವೈದ್ಯರ ಬರಹದಲ್ಲಿ, 1821ರಲ್ಲಿ. ಹೆಸರೇನೋ ಸಿಕ್ಕಿತು, ಪರಿಹಾರ ಸಿಗಲಿಲ್ಲ. ಜಿಗಣೆ ಹಚ್ಚಿ ರಕ್ತ ತೆಗೆಯುವುದು ಆ ಕಾಲದ ಚಿಕಿತ್ಸೆ. 1872ರಲ್ಲಿ ರಾಬರ್ಟ್ ಬ್ಯಾಟಿ ಎಂಬ ಅಮೆರಿಕದ ಸರ್ಜನ್, ಮುಟ್ಟಿನ ತೊಂದರೆಗೆಂದು ಅಂಡಾಶಯಗಳನ್ನೇ ಕತ್ತರಿಸಿ ತೆಗೆಯಲು ಹೊರಟ. ಇಂಥ ವೈದ್ಯರ ಹತ್ತಿರ ಹೋಗಲು ಹೆಂಗಸರು ಹೆದರಿದ್ದರಲ್ಲಿ ಆಶ್ಚರ್ಯವೇನಿದೆ?

ಲಿಡಿಯಾ ಮೊದಲು ಮನೆಯ ಒಲೆ ಮೇಲೆ ಕಷಾಯ ಕುದಿಸಿ ನೆರೆಹೊರೆಯವರಿಗೆ ಸುಮ್ಮನೆ ಕೊಡುತ್ತಿದ್ದಳು. 1873ರ ಆರ್ಥಿಕ ಕುಸಿತದಲ್ಲಿ ಗಂಡನ ವ್ಯವಹಾರ ಮುಳುಗಿದ ಮೇಲೆ ಅದೇ ಮನೆಯ ವ್ಯಾಪಾರವಾಯಿತು. 1879ರಿಂದ ಅವಳ ಮುಖವೇ ಲೇಬಲ್ಲಿಗೆ ಬಂತು. ಅದಕ್ಕಿಂತ ದೊಡ್ಡ ಉಪಾಯ ಇನ್ನೊಂದಿತ್ತು: ‘ನಿಮ್ಮ ಕಷ್ಟ ನಮಗೆ ಬರೆಯಿರಿ, ಗಂಡಸರು ಯಾರೂ ಓದುವುದಿಲ್ಲ’ ಅನ್ನೋ ಭರವಸೆ. ಕಾಗದಗಳು ರಾಶಿ ರಾಶಿ ಬಂದವು. ಡಾಕ್ಟರ ಮುಂದೆ ಬಾಯಿ ಬಿಡದವರು ಪುಟಗಟ್ಟಲೆ ಬರೆದರು.

ಬಾಟಲಿಯಲ್ಲಿ ಇನ್ನೇನಿತ್ತು ಗೊತ್ತಾ? ಶೇಕಡಾ 18ರಿಂದ 20ರಷ್ಟು ಆಲ್ಕೋಹಾಲು! ಮದ್ಯಪಾನ ವಿರೋಧಿ ಚಳವಳಿಯ ಹೆಂಗಸರೂ ಅದನ್ನು ಔಷಧಿ ಅಂತ ಚಮಚದಲ್ಲಿ ಕುಡಿದರು. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಲಿಡಿಯಾಳ ಗೋರಿಕಲ್ಲಿನ ಫೋಟೋ ಹಾಕಿತು. ಆಕೆ 1883ರಲ್ಲೇ ತೀರಿಕೊಂಡಿದ್ದಳು. ‘ಮಿಸೆಸ್ ಪಿಂಕ್‌ಹ್ಯಾಂಗೆ ಬರೆಯಿರಿ’ ಅನ್ನೋ ಜಾಹೀರಾತು ಮಾತ್ರ ಇಪ್ಪತ್ತೆರಡು ವರ್ಷ ಕಳೆದರೂ ನಿಂತಿರಲಿಲ್ಲ.

ಆ ಕಷಾಯದಲ್ಲಿದ್ದ ಇನ್ನೊಂದು ಬೇರು ಬ್ಲ್ಯಾಕ್ ಕೊಹೋಶ್. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ಮದ್ದು. 1956ರಲ್ಲಿ ಅದೇ ಬೇರು ಜರ್ಮನಿಯಲ್ಲಿ ‘ರೆಮಿಫೆಮಿನ್’ ಅನ್ನೋ ಹೆಸರಲ್ಲಿ ಗುಳಿಗೆಯಾಯಿತು. ಇತ್ತ ಅಮೆರಿಕದಲ್ಲಿ 1942ರಲ್ಲೇ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್, ‘ಪ್ರೆಮರಿನ್’ ಹೆಸರಲ್ಲಿ ಮಾರುಕಟ್ಟೆಗೆ ಬಂದಿತ್ತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನೈನ್ ಫಾರೆವರ್’ ಪುಸ್ತಕ ಬರೆದು, ಈಸ್ಟ್ರೋಜನ್ ನುಂಗಿದರೆ ಹೆಂಗಸು ಸದಾ ಯೌವನವತಿ ಅಂದುಬಿಟ್ಟ. 1975ರಲ್ಲಿ ಬರೀ ಈಸ್ಟ್ರೋಜನ್ನಿಂದ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಅಂತ ವರದಿಗಳು ಬಂದವು.

ಆಮೇಲೆ ಸೋಯಾ ಸರದಿ. ಜಪಾನಿನ ಹೆಂಗಸರಿಗೆ ಮೈ ಬಿಸಿಯಾಗಿ ಬೆವರುವ ತೊಂದರೆ ಕಡಿಮೆ ಅಂತ ಗಮನಿಸಿದವರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ ಒಬ್ಬರು. 1992ರಲ್ಲಿ ಫಿನ್‌ಲ್ಯಾಂಡಿನ ಹೆರ್ಮನ್ ಆಡ್ಲರ್‌ಕ್ರೂಟ್ಸ್ ಮತ್ತು ಸಂಗಡಿಗರು ಇದಕ್ಕೆ ಅವರ ಊಟದ ಸೋಯಾ ಕಾರಣವಿರಬಹುದು ಅಂದರು. ಲಾಕ್ ಹೇಳಿದ್ದು ಇನ್ನೂ ವಿಸ್ತಾರವಾಗಿತ್ತು: ಊಟ, ದೇಹ, ಬದುಕುವ ರೀತಿ, ಮುಪ್ಪನ್ನು ಸಮಾಜ ನೋಡುವ ರೀತಿ, ಎಲ್ಲವೂ ಸೇರಿ. ಅಂಗಡಿಯವರು ಸೋಯಾ ಒಂದನ್ನೇ ಹಿಡಿದುಕೊಂಡು ಗುಳಿಗೆ ಮಾಡಿದರು :)

2002ರ ಜುಲೈನಲ್ಲಿ ಅಮೆರಿಕದ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಹಾರ್ಮೋನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಾಗಿದ್ದವು. ಹೆದರಿದ ಹೆಂಗಸರು ಮತ್ತೆ ಮೂಲಿಕೆಗಳ ಕಡೆ ತಿರುಗಿದರು. ಹಾಗಾದರೆ ಮೂಲಿಕೆ ಕೆಲಸ ಮಾಡುತ್ತದೆಯೇ? 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 351 ಹೆಂಗಸರನ್ನು ಒಂದು ವರ್ಷ ಗಮನಿಸಿದರು. ಬ್ಲ್ಯಾಕ್ ಕೊಹೋಶ್ ಆಗಲಿ, ಹಲವು ಮೂಲಿಕೆಗಳ ಮಿಶ್ರಣವಾಗಲಿ, ಅದರ ಜೊತೆ ಸೋಯಾ ತಿನ್ನಲು ಹೇಳಿದ್ದಾಗಲಿ ಖಾಲಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಹಾರ್ಮೋನ್ ಮಾಡಿತು. ಇಂಥ ಪ್ರಯೋಗಗಳಲ್ಲಿ ಖಾಲಿ ಗುಳಿಗೆ ನುಂಗಿದವರಿಗೂ ಸಾಕಷ್ಟು ಹಾಯೆನಿಸುವುದುಂಟು. ಪಿಂಕ್‌ಹ್ಯಾಂ ಕಂಪನಿಗೆ ಬಂದ ಕೃತಜ್ಞತೆಯ ಕಾಗದಗಳೆಲ್ಲ ಸುಳ್ಳಾಗಿರಬೇಕಿಲ್ಲ ಅನ್ನೋದು ನನಗೆ ಹೊಳೆದದ್ದು ಇಲ್ಲಿ. ಒಬ್ಬರು ಕೇಳಿಸಿಕೊಂಡಿದ್ದರು, ದಿನ ಕಳೆದಂತೆ ಉರಿಯೂ ತಾನಾಗಿ ಇಳಿದಿತ್ತು. ಹೆಸರು ಬಾಟಲಿಗೆ ಬಂತು.

ನಮ್ಮ ದೊಡ್ಡಮ್ಮ ಮಾಗಿ ಚಳಿಯಲ್ಲೂ ಜಗಲಿ ಮೇಲೆ ಮಲಗುತ್ತಿದ್ದರು. ‘ಪಿತ್ತ ಜಾಸ್ತಿ’ ಅಂತ ಮನೆಯವರು ಮಜ್ಜಿಗೆ ಕೊಡುತ್ತಿದ್ದರು. ಏನಾಗ್ತಿದೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಕಾಗದ ಬರೆಯೋಕೂ ಒಂದು ವಿಳಾಸ ಇರಲಿಲ್ಲ.

ಊಟಕ್ಕೆ ಅದರದೇ ಕೆಲಸವಿದೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪು, ಮೊಸರು, ನಡಿಗೆ ಬಿಡಬೇಡಿ. ಆದರೆ ರಾಗಿ ಮೈ ಉರಿಯನ್ನು ಇಳಿಸುತ್ತದೆ ಅಂತ ಯಾರಾದರೂ ಮಾರಲು ಬಂದರೆ ಪಿಂಕ್‌ಹ್ಯಾಂ ಬಾಟಲಿ ನೆನಪಿರಲಿ. ಬ್ಲ್ಯಾಕ್ ಕೊಹೋಶ್‌ನಿಂದ, ಅಪರೂಪಕ್ಕಾದರೂ, ಲಿವರ್ ಕೆಟ್ಟ ವರದಿಗಳಿವೆ. ತೊಂದರೆ ತೀವ್ರವಾಗಿದ್ದು ವಯಸ್ಸು ಅರವತ್ತರೊಳಗಿದ್ದರೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಹಾರ್ಮೋನಿನ ಅಪಾಯಕ್ಕಿಂತ ಲಾಭವೇ ಹೆಚ್ಚು ಅಂತ ಆಮೇಲಿನ ವಿಶ್ಲೇಷಣೆಗಳು ಹೇಳಿವೆ, ವೈದ್ಯರನ್ನೇ ಕೇಳಿ. ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ.

ನಮ್ಮ ಮನೆಯಲ್ಲಿ ಇದಕ್ಕೆ ‘ಪಿತ್ತ’ ಅಂದರು. ನಿಮ್ಮ ಕಡೆ ಅಜ್ಜಿಯರು, ಅಮ್ಮಂದಿರು ಏನಂತಿದ್ದರು? ಕೇಳಿ ನೋಡಿ. ಹೆಸರು ಕೇಳೋ ನೆಪದಲ್ಲಾದರೂ ಅವರು ಒಂದಿಷ್ಟು ಮಾತಾಡಲಿ.