ಮನೆಯೇ ಲ್ಯಾಬ್ ಆಗಿದ್ದ ಎರಡು ವರ್ಷ

1/6

ಮೊದಲು ಒಂದು ಪ್ರಶ್ನೆ. ಗೂಗಲ್ ಮಾಡಬೇಡಿ, ಕಾಮೆಂಟ್ಸ್ ನೋಡಬೇಡಿ. ಒಂದು ಪಾತ್ರೆ ತುಂಬ ಬಿಸಿನೀರಿದೆ. ಅದು ಬೇಗ ಆರಬಾರದು. ನೀವೇನು ಮಾಡ್ತೀರಾ?

ಹೋದ ತಿಂಗಳು ಇದನ್ನೇ ನನ್ನ ತಮ್ಮನಿಗೆ ಕೇಳಿದೆ. ಎಂಟನೇ ಕ್ಲಾಸು ಅವನು. ಸ್ನಾನಕ್ಕೆ ಕಾಯಿಸಿದ ನೀರು ಎದುರಿಗೇ ಇತ್ತು. "ಫ್ಲಾಸ್ಕಿಗೆ ಹಾಕ್ತೀನಿ" ಅಂದ. ಫ್ಲಾಸ್ಕ್ ಇಲ್ಲ ಅಂದೆ. "ಸ್ವೆಟರ್ ಸುತ್ತುತೀನಿ" ಅಂದ. ಇನ್ನೂ ಸುಲಭದ್ದು ಇದೆ ಕಣೋ ಅಂದಿದ್ದಕ್ಕೆ ಮುಖ ಸಪ್ಪೆ ಮಾಡ್ಕೊಂಡು, "ನನಗೆ ಸೈನ್ಸ್ ಬರಲ್ಲ ಬಿಡು. ನಾನೂ ನಿನ್ ಥರ ಕಾಮರ್ಸ್ ತಗೊಳ್ತೀನಿ" ಅಂದುಬಿಟ್ಟ.

ಆ "ನಿನ್ ಥರ" ಚುಚ್ಚಿತು. ನಮ್ಮ ಸೆಕ್ಷನ್ನವರೇ, ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನ ಅಕೌಂಟ್ಸ್ ಇಷ್ಟಪಟ್ಟು ಬಂದವರು, ಎಷ್ಟು ಜನ ಸೈನ್ಸಿಗೆ ಹೆದರಿ ಬಂದವರು? ನಾನು ಎರಡನೇ ಗುಂಪು. ಈಗ ಅಕೌಂಟ್ಸ್ ಇಷ್ಟವೇ, ಆ ಮಾತು ಬೇರೆ.

ಅಡುಗೆಮನೆಯಿಂದ ಅಮ್ಮ, "ನಾನು ಇನ್ನಷ್ಟು ಓದಿದ್ದಿದ್ರೆ ನಾನೇ ಹೇಳ್ಕೊಡ್ತಿದ್ದೆ" ಅಂದ್ರು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಮೆಷಿನ್ ಹಿಡಿದವರು. ತಪ್ಪು ತಮ್ಮದೇ ಅನ್ನೋ ಹಾಗೆ ಹೇಳಿದ್ರು. ಅದಕ್ಕೆ ಏನು ಉತ್ತರ ಕೊಡಬೇಕು ಅಂತ ಗೊತ್ತಾಗಲಿಲ್ಲ. ಅವತ್ತಿಂದ ಓದ್ತಾ ಓದ್ತಾ ಈ ಸರಣಿ ಆಯ್ತು.

ಅಂದ ಹಾಗೆ ಆ ಪ್ರಶ್ನೆ ನನ್ನದಲ್ಲ. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ಒಬ್ಬ ತಾಯಿ ಕೆಲವು ಮಕ್ಕಳಿಗೆ ಕೇಳಿದ್ದು. ಆ ತಾಯಿ ಮೇರಿ ಕ್ಯೂರಿ. ಉತ್ತರ ನಾಲ್ಕನೇ ಭಾಗದಲ್ಲಿ.

2/6

ಕಥೆ ಪ್ಯಾರಿಸ್ಸಿನಲ್ಲಿ ಶುರುವಾಗಲ್ಲ. ಪೋಲೆಂಡಿನ ವಾರ್ಸಾದಲ್ಲಿ, ಗಾಜಿನ ಬಾಗಿಲಿನ ಒಂದು ಬೀರುವಿನ ಮುಂದೆ ಶುರುವಾಗುತ್ತೆ.

ಮೇರಿ ಹುಟ್ಟಿದ್ದು 1867ರಲ್ಲಿ. ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಅಪ್ಪ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಪೋಲಿಷ್ ಮಕ್ಕಳ ಶಾಲೆಗಳಲ್ಲಿ ಪ್ರಯೋಗದ ಪಾಠವನ್ನ ಸರ್ಕಾರ ಕಡಿಮೆ ಮಾಡಿದಾಗ ಅವರ ಉಪಕರಣಗಳು ಮನೆ ಸೇರಿದವು. ಗಾಜಿನ ಕೊಳವೆ, ಪುಟ್ಟ ತಕ್ಕಡಿ, ಖನಿಜದ ಚೂರು. ಪುಟ್ಟ ಹುಡುಗಿ ಅದರ ಎದುರು ನಿಂತು ನೋಡ್ತಾ ಇದ್ದಳಂತೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಹೈಸ್ಕೂಲಿನ ಬೀರು. ಅದಕ್ಕೂ ಗಾಜಿನ ಬಾಗಿಲೇ. ಒಳಗೆ ಬೀಕರು, ಲೋಲಕ, ಒಂದು ಮೈಕ್ರೋಸ್ಕೋಪು. ಮೂರು ವರ್ಷ ನೋಡಿದ್ದೀವಿ, ಒಂದು ದಿನವೂ ಮುಟ್ಟಲಿಲ್ಲ. ಒಡೆದು ಹಾಕ್ತೀವಿ ಅಂತ ಬೀಗ. ನಮಗೇನೂ ಚಕ್ರವರ್ತಿ ಇರಲಿಲ್ಲ.

ಮೇರಿ ಮನೆಯಲ್ಲಿ ಮಾತ್ರ ಅಪ್ಪ ಇದ್ದರು. ಸುಖದ ಮನೆ ಅಂದ್ಕೋಬೇಡಿ. ಅಪ್ಪನಿಗೆ ಕೆಲಸದಲ್ಲಿ ಹಿಂಬಡ್ತಿ ಆಗಿ, ಸಂಸಾರ ನಡೆಯೋಕೆ ಮನೆಯಲ್ಲೇ ಹುಡುಗರನ್ನ ಇಟ್ಕೊಂಡು ಊಟ, ಪಾಠ ಎರಡೂ ಕೊಡ್ತಾ ಇದ್ದರು. ದೊಡ್ಡಕ್ಕ ಟೈಫಸ್ ಜ್ವರದಲ್ಲಿ ಹೋದಳು. ಅಮ್ಮ 1878ರಲ್ಲಿ ಕ್ಷಯದಿಂದ ತೀರಿಕೊಂಡರು. ವಾರ್ಸಾ ವಿಶ್ವವಿದ್ಯಾಲಯಕ್ಕೆ ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ, ಹಾಗಾಗಿ ಮೇರಿ ಮತ್ತು ಅಕ್ಕ ಬ್ರೋನ್ಯಾ ಸೇರಿದ್ದು 'ಹಾರುವ ವಿಶ್ವವಿದ್ಯಾಲಯ'ಕ್ಕೆ. ಹೆಸರು ಚೆನ್ನಾಗಿದೆ ಅಲ್ವಾ? ಪೊಲೀಸರಿಗೆ ಗೊತ್ತಾಗದ ಹಾಗೆ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆಯಲ್ಲಿ ಕ್ಲಾಸು.

ಆಮೇಲೆ ಹಳ್ಳಿಯೊಂದರ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳೋ ಕೆಲಸ. ದುಡಿದು ದುಡ್ಡು ಕಳಿಸಿದ್ದು ಪ್ಯಾರಿಸ್ಸಿನಲ್ಲಿ ಓದ್ತಿದ್ದ ಅಕ್ಕನಿಗೆ. ಬಿಡುವಾದಾಗ ಊರಿನ ರೈತರ ಮಕ್ಕಳಿಗೆ ಕಾನೂನು ಮೀರಿ ಪೋಲಿಷ್ ಓದು ಬರಹ ಕಲಿಸಿದಳು. ಎಲ್ಲ ಮಲಗಿದ ಮೇಲೆ ತನ್ನ ಓದು. ಲೆಕ್ಕ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಪ್ಪನಿಗೆ ಕಾಗದ, ಅಪ್ಪ ಬಿಡಿಸೋ ದಾರಿ ಬರೆದು ವಾಪಸ್ ಕಳಿಸೋರು. ನಾವು ವಾಟ್ಸ್ಯಾಪ್‌ನಲ್ಲಿ ಡೌಟ್ ಕೇಳ್ತೀವಲ್ಲ, ಅದೇ. ಉತ್ತರ ಬರೋಕೆ ಮಾತ್ರ ದಿನಗಟ್ಟಲೆ ಕಾಯಬೇಕು.

3/6

ಪ್ಯಾರಿಸ್, 1891. ಭೌತಶಾಸ್ತ್ರದ ಡಿಗ್ರಿ 1893ರಲ್ಲಿ, ಗಣಿತದ್ದು ಮರುವರ್ಷ. 1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ. ಇಷ್ಟು ನಿಮಗೆ ಗೊತ್ತಿರುತ್ತೆ.

ಆದರೆ ಇದು ಗೊತ್ತಾ? ಪಿಯರ್ ಕ್ಯೂರಿ ಚಿಕ್ಕವನಿದ್ದಾಗ ಶಾಲೆಗೇ ಹೋಗಿಲ್ಲ! ಹುಡುಗ ಯಾವಾಗಲೂ ಯೋಚನೆಯಲ್ಲೇ ಮುಳುಗಿರ್ತಿದ್ದ. ಒಂದು ವಿಷಯ ಹಿಡಿದರೆ ಬಿಡ್ತಿರಲಿಲ್ಲ, ಗಂಟೆ ಹೊಡೆದ ತಕ್ಷಣ ಇನ್ನೊಂದಕ್ಕೆ ಹಾರೋಕೆ ಆಗ್ತಿರಲಿಲ್ಲ. ನಮ್ಮಲ್ಲಾಗಿದ್ದರೆ 'ದಡ್ಡ' ಅಂತ ಕೊನೇ ಬೆಂಚಿಗೆ ಕಳಿಸ್ತಿದ್ರು. ಅಪ್ಪ ಯೂಜೀನ್ ಕ್ಯೂರಿ ಡಾಕ್ಟರ್. ಅವರು ಮಗನನ್ನ ಮನೆಯಲ್ಲೇ ಓದಿಸಿದರು. ಅಪ್ಪ, ಅಮ್ಮ, ಅಣ್ಣ ಎಲ್ಲರೂ ಪಾಠ ಹೇಳಿದರು, ಹದಿನಾಲ್ಕಕ್ಕೆ ಗಣಿತಕ್ಕೆ ಒಬ್ಬ ಮೇಷ್ಟ್ರು ಬಂದರು. ಹದಿನೆಂಟಕ್ಕೆ ಹುಡುಗನ ಕೈಯಲ್ಲಿ ಡಿಗ್ರಿ.

ಯೂಜೀನ್ ತಾತನ ಹೆಸರು ನೆನಪಿಟ್ಕೊಳ್ಳಿ.

1897ರಲ್ಲಿ ಐರೀನ್ ಹುಟ್ಟಿದಳು. ಮರುವರ್ಷ ಮೇರಿ ಮತ್ತು ಪಿಯರ್ ಪೊಲೋನಿಯಂ, ರೇಡಿಯಂ ಎರಡನ್ನೂ ಕಂಡುಹಿಡಿದರು. ಅದೇ ವರ್ಷ ಮನೆಯ ನೋಟ್‌ಬುಕ್ಕಿನಲ್ಲಿ ಮಗುವಿನ ತೂಕ, ಹೊಸ ಹಲ್ಲು ಬಂದಿದ್ದು ಎಲ್ಲ ಬರೆದಿದ್ದಾರೆ. ಅಡುಗೆ ಪುಸ್ತಕದ ಅಂಚಿನಲ್ಲಿ ಹಣ್ಣಿನ ಜೆಲ್ಲಿ ಮಾಡಿದ ವರದಿ: ಹಣ್ಣೆಷ್ಟು, ಸಕ್ಕರೆ ಎಷ್ಟು, ಎಷ್ಟು ನಿಮಿಷ ಕುದಿಸಿದ್ದು, ಕೊನೆಗೆ ಬಂದಿದ್ದು 14 ಜಾಡಿ. ಖರ್ಚಿನ ಲೆಕ್ಕವೂ ಬೇರೆ. ಇದನ್ನ ಓದಿ ಖುಷಿಪಟ್ಟೆ, ನಾನು ಬಿಕಾಂ ತಾನೇ.

ಹಾಗಂತ ಇವರನ್ನ 'ಸೂಪರ್ ಮಾಮ್' ಅಂತ ರೀಲ್ ಮಾಡೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಇದೆಲ್ಲ ಒಬ್ಬರ ಕೈಯಲ್ಲಿ ಆಗಿದ್ದಲ್ಲ. ಐರೀನ್ ಹುಟ್ಟಿದ ಸ್ವಲ್ಪ ದಿನಕ್ಕೇ ಪಿಯರ್ ಅಮ್ಮ ತೀರಿಕೊಂಡರು, ಯೂಜೀನ್ ತಾತ ಮಗನ ಮನೆಗೇ ಬಂದರು. ಮೊಮ್ಮಗಳನ್ನ ಆಡಿಸಿದ್ದು, ಗಿಡ ಬಳ್ಳಿ ತೋರಿಸಿದ್ದು, ಓದಿಸಿದ್ದು ಅವರೇ. ಒಬ್ಬ ಮಗನನ್ನ ಮನೆಯಲ್ಲೇ ಓದಿಸಿ ಅನುಭವ ಇದ್ದವರು.

1906ರ ಏಪ್ರಿಲ್ 19, ಮಳೆ. ಪ್ಯಾರಿಸ್ಸಿನ ಬೀದಿಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಕೊಂಡರು. ಮೇರಿಗೆ 38. ಐರೀನ್‌ಗೆ ಎಂಟು, ಈವ್‌ಗೆ ಒಂದೂವರೆ. ಗಂಡನ ಹುದ್ದೆಯ ಪಾಠ ಮೇರಿಯ ಹೆಗಲಿಗೆ ಬಂತು. ಸೊರ್ಬೋನ್‌ನಲ್ಲಿ ಪಾಠ ಮಾಡಿದ ಮೊದಲ ಹೆಂಗಸು ಆಕೆ.

4/6

ಈಗ ಅಸಲು ವಿಷಯ.

ಐರೀನ್‌ನ ಶಾಲೆಗೆ ಹಾಕೋ ಹೊತ್ತು ಬಂದಿತ್ತು. ಗಾಳಿಯಾಡದ ಕೋಣೆಯಲ್ಲಿ ಮಕ್ಕಳನ್ನ ಗಂಟೆಗಟ್ಟಲೆ ಕೂರಿಸೋದು ಮೇರಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಅವರ ಲೆಕ್ಕದಲ್ಲಿ ಮಕ್ಕಳಿಗೆ ಪಾಠ ಕಡಿಮೆ ಇರಬೇಕು, ಆದರೆ ಚೆನ್ನಾಗಿರಬೇಕು. ಮಿಕ್ಕ ಹೊತ್ತು ಓಡಬೇಕು, ಕೈಕೆಲಸ ಮಾಡಬೇಕು. 'ಸೋ' ಅನ್ನೋ ಊರಿನ ಅವರ ಮನೆ ಹಿತ್ತಲಲ್ಲಿ ಮಕ್ಕಳಿಗೆ ಅಂತ ಹತ್ತೋ ಹಗ್ಗ, ಜೋತಾಡೋ ಬಳೆ ಎಲ್ಲ ಕಟ್ಟಿಸಿದ್ದರು.

ಆದರೆ ವಿಧವೆ ತಾಯಿ, ದಿನವಿಡೀ ಲ್ಯಾಬು, ಕಾಲೇಜು. ಒಬ್ಬರೇ ಎಲ್ಲ ಕಲಿಸೋಕೆ ಆಗುತ್ತಾ? ಆಗಲ್ಲ. ಅದಕ್ಕೆ ಸ್ನೇಹಿತರನ್ನ ಸೇರಿಸಿದರು. 1907ರ ಹೊತ್ತಿಗೆ ಕೆಲವು ಮನೆಗಳು ಸೇರಿ ಸುಮಾರು ಹತ್ತು ಮಕ್ಕಳನ್ನ ಒಟ್ಟು ಮಾಡಿ ವಿಷಯ ಹಂಚಿಕೊಂಡವು. ಗಣಿತ ಪಾಲ್ ಲಾಂಜೆವಾನ್ ಪಾಲು. ರಸಾಯನಶಾಸ್ತ್ರ ಜಾನ್ ಪೆರಿನ್ ಪಾಲು, 1926ರಲ್ಲಿ ನೊಬೆಲ್ ಬಂತಲ್ಲ, ಅವರೇ. ಅವರ ಹೆಂಡತಿ ಹೆನ್ರಿಯೆಟ್ ಸಾಹಿತ್ಯ, ಇತಿಹಾಸ ಹೇಳಿ, ಲೂವ್ರ್ ಮ್ಯೂಸಿಯಂ ತೋರಿಸಿದರು. ಆಲಿಸ್ ಶಾವಾನ್ ಭಾಷೆ, ಭೂಗೋಳ. ಮೂಟೋಂ ಅನ್ನೋರು ಜೀವಶಾಸ್ತ್ರ. ಮಾಗ್ರು ಅನ್ನೋ ಶಿಲ್ಪಿ ಚಿತ್ರ ಬಿಡಿಸೋದು, ಮಣ್ಣಿನ ಗೊಂಬೆ ಮಾಡೋದು. ಗುರುವಾರ ಮಧ್ಯಾಹ್ನ ಮೇರಿ ಕ್ಯೂರಿಯ ಭೌತಶಾಸ್ತ್ರ. ದಿನಕ್ಕೆ ಒಂದೇ ಪಾಠ, ಅಷ್ಟೇ.

ಇದನ್ನ ಎಲ್ಲರೂ 'ಕೋಆಪರೇಟಿವ್' ಅಂತಾನೇ ಕರೀತಾರೆ. ನಮ್ಮೂರಿನ ಹಾಲಿನ ಸೊಸೈಟಿ ನೆನೆಸ್ಕೊಳ್ಳಿ. ಪ್ರತಿ ಮನೆ ತನ್ನಲ್ಲಿರೋದನ್ನ ತಂದು ಹಾಕುತ್ತೆ, ಎಲ್ಲ ಮನೆಗೂ ಲಾಭ. ಇಲ್ಲಿ ಹಾಲಿನ ಬದಲು ಪಾಠ.

ಆ ಮಕ್ಕಳಲ್ಲಿ ದೊಡ್ಡವಳು ಇಸಬೆಲ್ ಶಾವಾನ್ ಮೇರಿಯ ಪಾಠಗಳನ್ನ ನೋಟ್ಸ್ ಮಾಡ್ಕೊಂಡಿದ್ದಳು. ಆ ನೋಟ್ಸು ಉಳಿದು, 2003ರಲ್ಲಿ ಫ್ರಾನ್ಸಿನಲ್ಲಿ ಪುಸ್ತಕ ಆಯ್ತು. ಹಾಗಾಗಿ ಆ ಕ್ಲಾಸಲ್ಲಿ ಏನು ನಡೀತು ಅಂತ ನಮಗೆ ಗೊತ್ತು. ಖಾಲಿ ಬಾಟಲಿ ನಿಜವಾಗಿ ಖಾಲಿಯಾ? ಗಾಳಿಗೆ ತೂಕ ಇದೆಯಾ? ನೀರಲ್ಲಿ ಮುಳುಗೋ ಮೊಟ್ಟೆ ಉಪ್ಪುನೀರಲ್ಲಿ ಯಾಕೆ ತೇಲುತ್ತೆ? ಎರಡು ನೊಬೆಲ್ ಪಡೆದವರು (ಎರಡನೆಯದು ಬಂದಿದ್ದು 1911ರಲ್ಲಿ) ಮೊಟ್ಟೆ ಹಿಡ್ಕೊಂಡು ಪಾಠ ಮಾಡ್ತಾ ಇದ್ದರು. ಸೈಕಲ್ಲಿನ ಬೇರಿಂಗ್ ಗುಂಡನ್ನ ಶಾಯಿಯಲ್ಲಿ ಅದ್ದಿ, ಓರೆಯಾಗಿಟ್ಟ ಹಲಗೆ ಮೇಲೆ ಎಸೆಯೋದು. ಅದು ಉರುಳಿದ ದಾರಿ ಬಾಗಿದ ಗೆರೆಯಾಗಿ ಉಳಿಯುತ್ತೆ. ಪ್ಯಾರಾಬೋಲಾ! ನಮಗೆ ಅದು ಬೋರ್ಡಿನ ಮೇಲಿನ ಸಮೀಕರಣ, ಆ ಮಕ್ಕಳಿಗೆ ಕೈಗೆ ಅಂಟಿದ ಶಾಯಿ. ಥರ್ಮಾಮೀಟರನ್ನೂ ತಾವೇ ಮಾಡಿದರು.

ಮತ್ತೆ ಆ ಬಿಸಿನೀರಿನ ಪ್ರಶ್ನೆ. ಉಣ್ಣೆ ಸುತ್ತೋದು ಅಂದರು, ಇನ್ನೂ ಏನೇನೋ ಜಾಣ ಉಪಾಯ ಹೇಳಿದರು ಮಕ್ಕಳು. ಮೇರಿ ನಕ್ಕು, ನಾನಾಗಿದ್ದರೆ ಮೊದಲು ಮುಚ್ಚಳ ಮುಚ್ಚುತ್ತಿದ್ದೆ ಅಂದರಂತೆ. ನೀರು ಆವಿಯಾಗಿ ಹೋಗುವಾಗ ಬಿಸಿಯನ್ನೂ ಜೊತೆಗೆ ಹೊತ್ಕೊಂಡು ಹೋಗುತ್ತೆ. ಆ ದಾರಿ ಮುಚ್ಚಿದರೆ ಅರ್ಧ ಕೆಲಸ ಆದಂಗೆ.

ಈಗ ಹೇಳ್ತೀನಿ ಕೇಳಿ. ಮೊದಲ ಭಾಗದಲ್ಲಿ ಬರೆದ ಆ ದಿನ, ನಾನೂ ತಮ್ಮನೂ ವಾದ ಮಾಡ್ತಿರುವಾಗ, "ನಾನು ಓದಿದ್ದಿದ್ರೆ" ಅಂತ ಹೇಳ್ತಾ ಹೇಳ್ತಾನೇ ಅಮ್ಮ ಬಂದು ಆ ಪಾತ್ರೆ ಮೇಲೆ ಒಂದು ತಟ್ಟೆ ಮುಚ್ಚಿ ಹೋದರು. ನಾವಿಬ್ಬರೂ ಗಮನಿಸಲಿಲ್ಲ. ನನಗೆ ಹೊಳೆದಿದ್ದು ರಾತ್ರಿ, ಮಲಗಿದ ಮೇಲೆ.

5/6

ಕಾಲೆಳೆಯೋರು ಆಗಲೂ ಇದ್ದರು. ಓದು ಬರಹ ನೆಟ್ಟಗೆ ಬಾರದ ಮಕ್ಕಳ ಕೈಗೆ ಲ್ಯಾಬ್ ಕೊಟ್ಟಿದ್ದಾರೆ, ಸೊರ್ಬೋನ್ ಇನ್ನೂ ಸ್ಫೋಟ ಆಗಿಲ್ಲ ಅಂತ ಪ್ಯಾರಿಸ್ಸಿನ ಪತ್ರಿಕೆಯೊಂದು ಚೇಷ್ಟೆ ಮಾಡಿತ್ತು.

ಇದು ನಡೆದಿದ್ದು ಎರಡೇ ವರ್ಷ. ದೊಡ್ಡವರಿಗೆ ಅವರವರ ಕೆಲಸ ಹೆಚ್ಚಾಯ್ತು, ಮಕ್ಕಳು ಸರ್ಕಾರಿ ಪರೀಕ್ಷೆ ಬರೀಲೇಬೇಕಿತ್ತು, ಅದಕ್ಕೆ ಸಿಲಬಸ್ ಬೇಕಿತ್ತು. ಪರೀಕ್ಷೆ ಯಾರನ್ನ ಬಿಟ್ಟಿದೆ ಹೇಳಿ. ಐರೀನ್ ಕೊಲೇಜ್ ಸೆವಿನ್ಯೆ ಅನ್ನೋ ಶಾಲೆಗೆ ಸೇರಿದಳು. 1910ರಲ್ಲಿ ತಾತನೂ ಹೋದರು.

ಇನ್ನೊಂದು ಮಾತು ಹೇಳದೇ ಇದ್ರೆ ಮೋಸ ಆಗುತ್ತೆ. ಇವರೆಲ್ಲ ಪ್ರೊಫೆಸರುಗಳು. ಕರೆದರೆ ಬರೋ ಪಕ್ಕದ ಮನೆಯವರಿಗೆ ನೊಬೆಲ್ ಬರೋ ಯೋಗ್ಯತೆ ಇತ್ತು. ಮೇರಿಯ ಮನೆಯಲ್ಲಿ ಮಕ್ಕಳನ್ನ ನೋಡ್ಕೊಳ್ಳೋಕೆ ಪೋಲೆಂಡಿನಿಂದ ಬಂದ ಹೆಣ್ಣುಮಕ್ಕಳಿದ್ದರು. ಅದೇ ಊರಿನ ಕೂಲಿಯವರ ಮಗುವಿಗೆ ಪೆರಿನ್ ಪಾಠ ಎಲ್ಲಿಂದ ಬರಬೇಕು? 'ನೋಡಿ, ಶಾಲೆ ಬಿಡಿಸಿದ್ರೆ ನೊಬೆಲ್' ಅಂತ ಯಾರಾದರೂ ಈ ಕಥೆ ಹೇಳಿದರೆ ನಂಬಬೇಡಿ. ನಾನು ಸರ್ಕಾರಿ ಶಾಲೆಯಲ್ಲಿ ಓದಿದವಳು. ಅದು ಇಲ್ಲದಿದ್ದರೆ ಈ ಕ್ಯಾಪ್ಶನ್ ಬರೆಯೋಕೂ ನನಗೆ ಬರ್ತಿರಲಿಲ್ಲ. ಸಿಟ್ಟು ಇರೋದು ಆ ಬೀಗದ ಮೇಲೆ.

6/6

ಕ್ಲಾಸ್ ನಿಂತರೂ ಮನೆಪಾಠ ನಿಲ್ಲಲಿಲ್ಲ. ರಜೆಗೆ ಮಕ್ಕಳು ಸಮುದ್ರ ತೀರದಲ್ಲಿದ್ದರೆ ಅಮ್ಮ ಪ್ಯಾರಿಸ್ಸಿನಿಂದ ಲೆಕ್ಕ ಕಳಿಸೋರು, ಮಗಳು ಬಿಡಿಸಿ ವಾಪಸ್ ಕಳಿಸೋಳು. ಒಂದು ಕಾಗದದಲ್ಲಿ ಐರೀನ್ ಇನ್ವರ್ಸ್ ಫಂಕ್ಷನ್ನುಗಳನ್ನ ಮುದ್ದು ಬರೋ ಹಾಗಿವೆ ಅಂತ ಬರೆದಿದ್ದಾಳೆ. ವಾರ್ಸಾದ ಅಪ್ಪ ಮಗಳಿಗೆ ಮಾಡಿದ್ದನ್ನೇ ಮಗಳು ತನ್ನ ಮಗಳಿಗೆ ಮಾಡಿದಳು.

ಎಲ್ಲ ಸಕ್ಕರೆ ಬೆಲ್ಲ ಅಂತಲೂ ಅಲ್ಲ. ಲೆಕ್ಕ ಹೇಳ್ಕೊಡುವಾಗ ಐರೀನ್ ಎಲ್ಲೋ ನೋಡ್ತಾ ಕೂತಿದ್ದಕ್ಕೆ ಮೇರಿ ಸಿಟ್ಟಿನಲ್ಲಿ ನೋಟ್‌ಬುಕ್ ಕಿಟಕಿಯಿಂದ ಆಚೆ ಎಸೆದರು ಅನ್ನೋ ಕಥೆ ಇದೆ. ಹುಡುಗಿ ಮೆಟ್ಟಿಲಿಳಿದು ಹೋಗಿ, ಎತ್ಕೊಂಡು ಬಂದು, ಕೂತು ಉತ್ತರ ಹೇಳಿದಳಂತೆ. ತಮ್ಮನಿಗೆ ಪಾಠ ಹೇಳಿದ ಮೇಲೆ ನನಗೆ ಮೇರಿ ಮೇಲೆ ಗೌರವ ಇನ್ನೂ ಜಾಸ್ತಿಯಾಗಿದೆ. ನಾನು ಇನ್ನೂ ಎಸೆದಿಲ್ಲ.

ಮೊದಲ ಮಹಾಯುದ್ಧದಲ್ಲಿ ಐರೀನ್ ಹದಿಹರೆಯದಲ್ಲೇ ಅಮ್ಮನ ಜೊತೆ ಗಾಯಾಳು ಸೈನಿಕರ ಎಕ್ಸ್‌ರೇ ತೆಗೆದಳು. 1935ರಲ್ಲಿ ಗಂಡ ಫ್ರೆಡರಿಕ್ ಜೋಲಿಯೋ ಜೊತೆ ರಸಾಯನಶಾಸ್ತ್ರದ ನೊಬೆಲ್. ಮೇರಿ ಅದನ್ನ ನೋಡಲಿಲ್ಲ, 1934ರ ಜುಲೈನಲ್ಲಿ ತೀರಿಕೊಂಡಿದ್ದರು. ಆದರೆ ಆ ವರ್ಷದ ಜನವರಿಯಲ್ಲಿ ಮಗಳು ಅಳಿಯ ಹೊಸದಾಗಿ ಸೃಷ್ಟಿಸಿದ ವಿಕಿರಣ ವಸ್ತುವನ್ನ ತಂದು ತೋರಿಸಿದ್ದರು, ಅವರು ಕೈಯಲ್ಲಿ ಹಿಡಿದು ನೋಡಿದ್ದರು. ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ಹೋದಳು. ಅಮ್ಮ ಮಗಳು ಇಬ್ಬರೂ ವರ್ಷಗಟ್ಟಲೆ ವಿಕಿರಣದ ಮಧ್ಯೆಯೇ ಕೆಲಸ ಮಾಡಿದವರು.

ಮತ್ತೆ ಈವ್? ಅದೇ ಮನೆ, ಅದೇ ಅಮ್ಮ. ಅವಳಿಗೆ ವಿಜ್ಞಾನ ಹಿಡಿಸಲಿಲ್ಲ, ಪಿಯಾನೋ ಹಿಡಿಸಿತು. ಯಾರೂ ತಡೆಯಲಿಲ್ಲ. ಅಮ್ಮನ ಜೀವನಚರಿತ್ರೆ ಬರೆದಳು, 102 ವರ್ಷ ಬದುಕಿದಳು. ಮೇಲೆ ಹೇಳಿದ ಎಷ್ಟೋ ವಿಷಯ ನಮಗೆ ಗೊತ್ತಾಗಿದ್ದೇ ಅವಳಿಂದ. ಕಾಮರ್ಸಿನವರು ಇವಳನ್ನ ನಮ್ಮ ಪಾರ್ಟಿ ಅಂತ ಸೇರಿಸ್ಕೋಬಹುದು.

ನಮ್ಮ ವಠಾರದಲ್ಲಿ ಈಗ ಮೂರು ಮನೆಯ ಸೊಸೈಟಿ ಇದೆ. ಪಕ್ಕದ ಮನೆ ಅಕ್ಕ ಪಿಯುಸಿ ಸೈನ್ಸ್ ಮಾಡಿದವರು, ಶನಿವಾರ ಅವರ ಪಾಠ. ಕೆಳಗಿನ ಮನೆ ಮಾಮ ಎಲೆಕ್ಟ್ರಿಷಿಯನ್, ಹಳೇ ಮಿಕ್ಸಿ ಬಿಚ್ಚಿ ಮೋಟರ್ ತೋರಿಸಿದ್ದಾರೆ. ಲೆಕ್ಕ ನನ್ನದು. ಅಮ್ಮನ ಪಾಲು ಅಳತೆ: ಒಂದು ಮೀಟರ್ ಬಟ್ಟೆಯಲ್ಲಿ ಎಷ್ಟು ತೋಳು ಬರುತ್ತೆ, ಓರೆಯಾಗಿ ಕತ್ತರಿಸಿದರೆ ಎಷ್ಟು ವೇಸ್ಟಾಗುತ್ತೆ ಅಂತ ಚಾಕ್‌ಪೀಸಲ್ಲಿ ಗೆರೆ ಎಳೆದು ತೋರಿಸ್ತಾರೆ. ಮೊದಲ ದಿನ "ನನಗೇನು ಗೊತ್ತು" ಅಂದ್ರು. ಎರಡನೇ ವಾರ ತಮ್ಮ ಕೋನ ತಪ್ಪು ಹೇಳಿದ್ದಕ್ಕೆ ಸ್ಕೇಲಿಂದ ಕೈ ಮೇಲೆ ಒಂದು ಕೊಟ್ಟರು.

ಹೋದ ಭಾನುವಾರ ಮೊಟ್ಟೆ ಪಾಠ. ಲೋಟದ ನೀರಲ್ಲಿ ಮುಳುಗಿತು. ತಮ್ಮ ಒಂದೊಂದೇ ಚಮಚ ಉಪ್ಪು ಹಾಕ್ತಾ ಕಲಕ್ತಾ ಹೋದ. ಮೂರು, ಏನಿಲ್ಲ. ನಾಲ್ಕು, ಸ್ವಲ್ಪ ಅಲ್ಲಾಡಿತು. ಐದನೇದಕ್ಕೆ ಮೇಲೆ ಬಂತು. ಅವನು ಏನೂ ಹೇಳಲಿಲ್ಲ, ಬೆರಳಿಂದ ಒತ್ತಿ ಬಿಟ್ಟ, ಮತ್ತೆ ಮೇಲೆ ಬಂತು, ಮತ್ತೆ ಒತ್ತಿದ. ಎಷ್ಟು ಹೊತ್ತಾದರೂ ಬಿಡದೇ ಇದ್ದಾಗ ಅಮ್ಮ ಕೈಯಿಂದ ಕಿತ್ಕೊಂಡು ಹೋಗಿ ಆಮ್ಲೆಟ್ ಹಾಕಿದರು. "ಉಪ್ಪು ಬೇಡ ಅಲ್ವಾ?" ಅಂತ ಕೇಳಿದ ಅವನು. ಬೇಕು, ಚಿಪ್ಪಿನ ಒಳಗೆ ಹೋಗಿರಲ್ಲ ಅಂದೆ. ಯಾಕೆ ಹೋಗಿರಲ್ಲ ಅಂದ. ಇನ್ನೂ ಹುಡುಕ್ತಾ ಇದೀನಿ.