ಕೇಬಲ್ ಮೈಲಿಯಿಂದ ಡೆಸಿಬೆಲ್‌ಗೆ

ವರ್ಧಕ, ಆಂಟೆನಾ, ಮೈಕ್ರೊಫೋನ್ - ಯಾವುದರ ತಾಂತ್ರಿಕ ವಿವರ ಓದಿದರೂ ‘ಡೆಸಿಬೆಲ್’ ಎಂಬ ಪದ ಎದುರಾಗುತ್ತದೆ. ಇದು ಶಬ್ದವನ್ನು ಅಳೆಯುವ ಏಕಮಾನ ಎಂಬುದು ಹಲವರ ಭಾವನೆ. ಆದರೆ ಇದು ಹುಟ್ಟಿದ್ದು ದೂರವಾಣಿ ತಂತಿಗಳ ನಡುವೆ.

20ನೆಯ ಶತಮಾನದ ಆರಂಭದಲ್ಲಿ ದೂರವಾಣಿ ಎಂಜಿನಿಯರುಗಳಿಗೆ ಒಂದು ಪ್ರಶ್ನೆ ಇತ್ತು: ತಂತಿಯಲ್ಲಿ ಸಾಗುವಾಗ ಮಾತು ಎಷ್ಟು ಕ್ಷೀಣಿಸುತ್ತದೆ? ಅಳೆಯಲು ಅವರು ಆರಿಸಿಕೊಂಡದ್ದು ‘ಪ್ರಮಾಣಿತ ಕೇಬಲ್ ಮೈಲಿ’. ಮೈಲಿಗೆ 88 ಓಮ್ ರೋಧ ಮತ್ತು 0.054 ಮೈಕ್ರೊಫ್ಯಾರಡ್ ಧಾರಕತೆ ಇರುವ ಕೇಬಲ್ ಇದು. ಪರೀಕ್ಷಿಸಬೇಕಾದ ತಂತಿಯಲ್ಲೂ ಪ್ರಯೋಗಾಲಯದ ಕೃತಕ ಕೇಬಲ್‌ನಲ್ಲೂ ಮಾತು ಕಳುಹಿಸಿ, ಎರಡೂ ಸಮನಾಗಿ ಕೇಳಿಸುವವರೆಗೆ ಕೃತಕ ಕೇಬಲ್‌ನ ಮೈಲಿಗಳನ್ನು ಹೊಂದಿಸುತ್ತಿದ್ದರು.

ಇದರಲ್ಲಿ ದೊಡ್ಡ ಅನುಕೂಲವಿತ್ತು. ಒಂದು ಮೈಲಿ ದಾಟಿದಾಗ ಸಂಕೇತದ ಸಾಮರ್ಥ್ಯದಲ್ಲಿ ಸುಮಾರು 5ರಲ್ಲಿ 4 ಭಾಗ ಉಳಿಯುತ್ತದೆ. 10 ಮೈಲಿಯಲ್ಲಿ ಉಳಿಯುವುದು ಸುಮಾರು 10ರಲ್ಲಿ 1 ಭಾಗ; 30 ಮೈಲಿಯಲ್ಲಿ 1000ದಲ್ಲಿ 1 ಭಾಗ. ಗುಣಾಕಾರ ಮಾಡುವ ಬದಲು ಮೈಲಿಗಳನ್ನು ಕೂಡಿದರೆ ಸಾಕು!

ತೊಡಕೂ ಇತ್ತು. ಕೇಬಲ್ ಹೆಚ್ಚಿನ ಆವೃತ್ತಿಗಳನ್ನು ಹೆಚ್ಚು ಕ್ಷೀಣಿಸುತ್ತದೆ. ಆದ್ದರಿಂದ ‘ಮೈಲಿ’ಯ ಬೆಲೆ ಆವೃತ್ತಿಯೊಂದಿಗೆ ಬದಲಾಗುತ್ತಿತ್ತು. 1915ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ದೂರವಾಣಿ ಸಂಪರ್ಕ ಏರ್ಪಟ್ಟಾಗ ದಾರಿಯಲ್ಲಿ ನಿರ್ವಾತ ನಳಿಕೆಯ ವರ್ಧಕಗಳಿದ್ದವು. ಕೇಬಲ್‌ನ ಗುಣವೇ ಇಲ್ಲದ ವರ್ಧಕವನ್ನು ಕೇಬಲ್ ಮೈಲಿಯಿಂದ ಅಳೆಯುವುದು ಹೇಗೆ?

1924ರಲ್ಲಿ ಬೆಲ್ ಸಂಸ್ಥೆಯವರು ತಂತಿಯ ತುಂಡನ್ನು ಬಿಟ್ಟು ಶುದ್ಧ ಅನುಪಾತವನ್ನು ಆಧಾರವಾಗಿಟ್ಟುಕೊಂಡರು. ಎರಡು ಸಾಮರ್ಥ್ಯಗಳ ಅನುಪಾತದ ಲಾಗರಿದಮ್ಮನ್ನು (ಆಧಾರ 10) 10ರಿಂದ ಗುಣಿಸಿದರೆ ಬರುವುದೇ ‘ಪ್ರಸಾರ ಏಕಮಾನ’. ಸುಮಾರು 800 ಹರ್ಟ್ಸ್‌ನಲ್ಲಿ ಅದರ ಬೆಲೆ ಹಳೆಯ ಮೈಲಿಗೆ ಬಹಳ ಹತ್ತಿರವಿದ್ದುದರಿಂದ ಎಂಜಿನಿಯರುಗಳ ಹಿಂದಿನ ಅನುಭವ ವ್ಯರ್ಥವಾಗಲಿಲ್ಲ. 1928ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ ಇದಕ್ಕೆ ‘ಡೆಸಿಬೆಲ್’, ಅಂದರೆ ಬೆಲ್‌ನ ಹತ್ತನೆಯ ಒಂದು ಭಾಗ, ಎಂಬ ಹೆಸರು ಬಂತು. ಯೂರೋಪಿನಲ್ಲಿ ಸ್ವಾಭಾವಿಕ ಲಾಗರಿದಮ್ ಆಧರಿಸಿದ ‘ನೇಪರ್’ ಬಳಕೆಯಲ್ಲಿತ್ತು. 1 ನೇಪರ್ ಎಂದರೆ ಸುಮಾರು 8.686 ಡೆಸಿಬೆಲ್.

ಒಂದು ಲೆಕ್ಕ ನೋಡೋಣ. 1 ಮಿಲಿವಾಟ್ ಸಂಕೇತ ಮೊದಲ ತಂತಿಯಲ್ಲಿ 12 ಡೆಸಿಬೆಲ್ ಕಳೆದುಕೊಂಡು, ವರ್ಧಕದಲ್ಲಿ 20 ಡೆಸಿಬೆಲ್ ಗಳಿಸಿ, ಎರಡನೆಯ ತಂತಿಯಲ್ಲಿ 15 ಡೆಸಿಬೆಲ್ ಕಳೆದುಕೊಳ್ಳುತ್ತದೆ ಎನ್ನಿ. −12 + 20 − 15 = −7. ತಲುಪುವ ಸಾಮರ್ಥ್ಯ 10ರ −0.7 ಘಾತ, ಅಂದರೆ ಸುಮಾರು 0.2 ಮಿಲಿವಾಟ್.

ವೋಲ್ಟೇಜ್ ಅನುಪಾತಕ್ಕೆ 10ರ ಬದಲು 20ರಿಂದ ಗುಣಿಸುವುದೇಕೆ? ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ; ವರ್ಗದ ಲಾಗರಿದಮ್ ಎರಡರಷ್ಟಾಗುತ್ತದೆ. ಆದರೆ ಎರಡೂ ಕಡೆ ರೋಧ ಒಂದೇ ಆಗಿದ್ದರೆ ಮಾತ್ರ ಈ ಉತ್ತರ ಸಾಮರ್ಥ್ಯದ ಉತ್ತರಕ್ಕೆ ಸಮ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎಮಿಟರ್ ಫಾಲೋವರ್‌ನಲ್ಲಿ ವೋಲ್ಟೇಜ್ ವರ್ಧನೆ ಸುಮಾರು 1, ಅಂದರೆ 0 ಡೆಸಿಬೆಲ್. ಅದರ ಪ್ರವೇಶ ರೋಧ 10,000 ಓಮ್, ಹೊರೆ 100 ಓಮ್ ಆಗಿದ್ದರೆ ಸಾಮರ್ಥ್ಯ 100 ಪಟ್ಟು, ಅಂದರೆ 20 ಡೆಸಿಬೆಲ್ ಹೆಚ್ಚುತ್ತದೆ.

ಡೆಸಿಬೆಲ್ ಬರೀ ಅನುಪಾತವಾದ್ದರಿಂದ, ಒಂದೇ ಸಂಕೇತದ ಮಟ್ಟ ಹೇಳಲು ಹೋಲಿಕೆಯ ಬೆಲೆ ಬೇಕು. 1939ರಲ್ಲಿ ಅಮೆರಿಕದ ದೂರವಾಣಿ ಮತ್ತು ರೇಡಿಯೊ ಸಂಸ್ಥೆಗಳು 600 ಓಮ್ ರೋಧದಲ್ಲಿ 1 ಮಿಲಿವಾಟ್, ಅಂದರೆ ಸುಮಾರು 0.775 ವೋಲ್ಟ್, ಎಂಬ ಮಟ್ಟವನ್ನು ಒಪ್ಪಿಕೊಂಡವು. ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್ಲೇ ‘ಡಿಬಿಎಂ’. ಗಾಳಿಯಲ್ಲಿನ ಶಬ್ದಕ್ಕೆ ಹೋಲಿಕೆಯ ಬೆಲೆ 20 ಮೈಕ್ರೊಪಾಸ್ಕಲ್ ಒತ್ತಡ. ಹೀಗಾಗಿ ಶಬ್ದದ 60 ಡೆಸಿಬೆಲ್‌ಗೂ ವರ್ಧಕದ 60 ಡೆಸಿಬೆಲ್‌ಗೂ ಅರ್ಥ ಬೇರೆ. ತರಗತಿಯಲ್ಲಿ ಡೆಸಿಬೆಲ್ ಲೆಕ್ಕ ಬಂದಾಗಲೆಲ್ಲ ‘ಯಾವುದಕ್ಕೆ ಹೋಲಿಸಿ?’ ಎಂದು ಮೊದಲು ಕೇಳುವ ಅಭ್ಯಾಸ ಒಳ್ಳೆಯದು.