ಜೀವಕೋಶದ ಲಾಂಛನ: ಅರ್ಬುದ ಚಿಕಿತ್ಸೆಯ ಇತಿಹಾಸದ ಒಂದು ಅಧ್ಯಾಯ

ಜೀವಕೋಶದ ಹೊರಪೊರೆಯ ಮೇಲೆ ನಾನಾ ಬಗೆಯ ಪ್ರೋಟೀನುಗಳಿರುತ್ತವೆ. ಕೋಶದ ಜಾತಿಯನ್ನು ಗುರುತಿಸಲು ಇವೇ ಲಾಂಛನಗಳು. ಜರ್ಮನಿಯ ಪೌಲ್ ಏರ್ಲಿಖ್ ಅವರು 1897ರಷ್ಟು ಹಿಂದೆಯೇ ಇಂಥ ‘ಪಾರ್ಶ್ವಶೃಂಖಲೆ’ಗಳನ್ನು ಕಲ್ಪಿಸಿದ್ದರು. ರೋಗವನ್ನು ಮಾತ್ರ ಅರಸಿ ಹೊಡೆಯುವ ಔಷಧದ ಕನಸೂ ಅವರದೇ. ಅರ್ಬುದರೋಗದಲ್ಲಿ ಈ ಕನಸು ನನಸಾಗಬೇಕಾದರೆ ರೋಗಿಷ್ಠ ಕೋಶಕ್ಕೆ ಅದರದೇ ಆದ ಲಾಂಛನವಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಇತಿಹಾಸವು ಹಿಡಿದ ದಾರಿಯೇ ಬೇರೆ.

1975ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು, ಒಂದೇ ಗುರಿಯನ್ನು ಹಿಡಿಯುವ ಏಕರೂಪದ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಅದರ ನೆರವಿನಿಂದ 1980ರಲ್ಲಿ ಬಾಸ್ಟನ್ನಿನ ಸಂಶೋಧಕರು ರಕ್ತದ ಬಿ-ಕೋಶಗಳ ಮೇಲೆ ಒಂದು ಪ್ರೋಟೀನನ್ನು ಗುರುತಿಸಿದರು. ಅದೇ ಇಂದಿನ ಸಿಡಿ20. ಬಿ-ಕೋಶಗಳಿಂದ ಹುಟ್ಟುವ ಲಿಂಫೋಮಾ ಎಂಬ ಅರ್ಬುದದಲ್ಲಿ ಅದು ಉಂಟು. ಆರೋಗ್ಯವಂತ ಬಿ-ಕೋಶಗಳಲ್ಲಿಯೂ ಉಂಟು. ಕಳ್ಳನಿಗೂ ಮನೆಯವನಿಗೂ ಒಂದೇ ಮುದ್ರೆ!

ಆದರೂ ಅದು ಯೋಗ್ಯವಾದ ಗುರಿಯೆನಿಸಿದುದಕ್ಕೆ ಕಾರಣವಿದೆ. ಮಜ್ಜೆಯ ಮೂಲಕೋಶಗಳ ಮೇಲೆ ಸಿಡಿ20 ಇಲ್ಲ. ಆದುದರಿಂದ ಬಿ-ಕೋಶಗಳು ಅಳಿದರೂ ಬೇರು ಉಳಿಯುತ್ತದೆ. ಕೆಲವು ತಿಂಗಳುಗಳಲ್ಲಿ ಹೊಸವು ಚಿಗುರುತ್ತವೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟಕ್ಸಿಮಾಬ್ ಎಂಬ ಪ್ರತಿಕಾಯದ ಯಶಸ್ಸಿಗೆ ಇದೇ ಆಧಾರ. ಅಂದರೆ, ಗುರಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ಇದು ರೋಗಕ್ಕೆ ಮಾತ್ರ ಸೇರಿದುದೇ?’ ಎಂಬುದಲ್ಲ, ‘ಇದರೊಡನೆ ಆಗುವ ನಷ್ಟವನ್ನು ಶರೀರವು ತಾಳಬಲ್ಲುದೇ?’ ಎಂಬುದು.

ಮುಂದಿನ ಹೆಜ್ಜೆಯಲ್ಲಿ ರೋಗಿಯ ಟಿ-ಕೋಶಗಳನ್ನೇ ಹೊರತೆಗೆದು, ಸಿಡಿ19 ಎಂಬ ಇನ್ನೊಂದು ಲಾಂಛನವನ್ನು ಹಿಡಿಯುವಂತೆ ಮಾರ್ಪಡಿಸಿ, ಮರಳಿ ಶರೀರಕ್ಕೆ ಸೇರಿಸಲಾಯಿತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ತದ ಅರ್ಬುದದಿಂದ ಬಳಲುತ್ತಿದ್ದ ಬಾಲಕಿಯೊಬ್ಬಳು ಇದರಿಂದ ಬದುಕಿಕೊಂಡಳು. ಆದರೆ ಈ ಗೆಲುವೂ ನಿರಪಾಯವಾದುದಲ್ಲ. ಕೆಲವು ರೋಗಿಗಳಲ್ಲಿ ಅರ್ಬುದವು ಸಿಡಿ19ನ್ನೇ ಕಳಚಿಹಾಕಿ, ಗುರುತು ಮರೆಸಿಕೊಂಡು ಮರಳಿತು.

2017ರಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆಗೆ ಅನುಮತಿ ದೊರೆತಾಗ ಅದರ ಬೆಲೆ 4,75,000 ಡಾಲರು. ನಮ್ಮ ಮುಂಬಯಿಯಲ್ಲಿಯೇ ಪವಾಯಿಯ ಐಐಟಿ ಮತ್ತು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೂಡಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಭಾರತದ ಅನುಮತಿ ದೊರೆಯಿತು. ಇದರ ಬೆಲೆ ಅಮೆರಿಕದ ಬೆಲೆಯ ಸುಮಾರು ಹತ್ತನೆಯ ಒಂದು ಪಾಲು. ಆದರೂ ಅದು ಲಕ್ಷಗಳ ಮಾತೇ. ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಈ ಅಂಕಿಗಳನ್ನು ಕಡೆಗಣಿಸಲಾಗದು. ಶರೀರವು ತಾಳಬಲ್ಲ ನಷ್ಟವನ್ನು ವಿಜ್ಞಾನಿಗಳು ಅಳೆದು ತೋರಿಸಿದರು. ಸಂಸಾರವೊಂದು ತಾಳಬಲ್ಲ ನಷ್ಟವನ್ನು ಅಳೆಯುವ ಹೊಣೆ ಸಮಾಜದ ಮೇಲಿದೆ.